ಒದ್ದೆ ಸೊಪ್ಪು

ಆಗ ನಮ್ಮ ಮಡಕಶಿರಾ ಸೀಮೆಯಲ್ಲಿ ಮನೆಯ ಒಳ್ಳೆ ಜಾಗ ಮನುಷ್ಯರದ್ದಲ್ಲ, ಹುಳದ್ದು. ರೇಷ್ಮೆ ಹುಳಕ್ಕೆ ನಡುಮನೆ ಬಿಟ್ಟುಕೊಟ್ಟು ನಾವು ಜಗಲಿಯಲ್ಲಿ ಆಡಿನ ಪಕ್ಕ ಮಲಗುತ್ತಿದ್ದೆವು. ಹುಳ ಸಾಕಿದ ಮನೆಯಲ್ಲಿ ಬೆಳೆದವರಿಗೆ ಆ ವಾಸನೆ ನಾನು ಹೇಳಬೇಕಾಗಿಲ್ಲ. ಸೊಪ್ಪಿನ ಹಸಿ, ಹಿಕ್ಕೆಯ ಬಿಸಿ, ಒಲೆ ಮೇಲಿನ ಹುರುಳಿ ಸಾರು, ಎಲ್ಲ ಸೇರಿ ಬಟ್ಟೆಗೆ ಅಂಟಿಕೊಳ್ಳುತ್ತಿತ್ತು. ಸೊಪ್ಪು ಬಿಡಿಸುವಾಗ ಹಿಪ್ಪುನೇರಳೆ ಗಿಡದ ಹಣ್ಣು ತಿಂದು, ಯಾರ ನಾಲಿಗೆ ಹೆಚ್ಚು ಕಪ್ಪು ಎಂದು ಹುಡುಗಿಯರೆಲ್ಲ ನಾಲಿಗೆ ಚಾಚಿ ಜಗಳವಾಡುತ್ತಿದ್ದೆವು. ಐದನೇ ಕ್ಲಾಸಿಗೆ ನನ್ನ ಇಸ್ಕೂಲು ಬಿಡಿಸಿದರು. ಹುಳಕ್ಕೆ ಕೈ ಬೇಕಿತ್ತು. ನಾನು ಅಳಲಿಲ್ಲ. ಇಸ್ಕೂಲಿಗಿಂತ ನನಗೆ ಹುಳವೇ ಇಷ್ಟ.

ನಮ್ಮ ತಾತ ಊರ ಭಜನೆ ಮನೆಯಲ್ಲಿ ತತ್ವಪದ ಹೇಳುವವನು. ತಂಬೂರಿ ಹಿಡಿದು ಕೂತರೆ ಗುಡಿಬಂಡೆಯಿಂದಲೂ ಜನ ಬರುತ್ತಿದ್ದರು. ಒಂದು ದಿನ ನನ್ನ ಅಂಗೈ ಮೇಲೆ ಒಂದು ಹುಳ ಬಿಟ್ಟು ಕೇಳಿದ.

"ಇದು ಹೆಣ್ಣಾ, ಗಂಡಾ? ಹೇಳು ನೋಡಾನ."

ತಿರುಗಿಸಿ ಮುರುಗಿಸಿ ನೋಡಿದೆ. "ಗೊತ್ತಾಗಾಕಿಲ್ಲ ತಾತ."

"ದೇವ್ರೂ ಹಂಗೇ ಕಣಮ್ಮಿ. ಮ್ಯಾಲಿಂದ ನಮ್ಮನ್ನ ನೋಡ್ದಾಗ ಅವ್ನಿಗೂ ಗೊತ್ತಾಗಾಕಿಲ್ಲ. ಸೊಪ್ಪು ತಿಂತಾವೆ, ನೂಲು ಬಿಡ್ತಾವೆ, ಅಷ್ಟೇ ಅವ್ನು ಕಾಣಾದು."

ಆ ಮಾತನ್ನು ನಾನು ಸೆರಗಿನ ಗಂಟಿನ ಹಾಗೆ ಇಟ್ಟುಕೊಂಡೆ. ಅಮ್ಮ ತಿಂಗಳಿಗೆ ಮೂರು ದಿನ ಹುಳದ ಮನೆಯಿಂದ ಆಚೆ ಕೂರುವುದನ್ನು ನೋಡುತ್ತಿದ್ದೆ. ಅದಕ್ಕೂ ಇದಕ್ಕೂ ನಂಟು ಹಾಕುವ ಬುದ್ಧಿ ಆಗ ನನಗಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಜಡಿಮಳೆ ಹಿಡಿಯಿತು. ಹುಳ ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಅಂದರೆ ಕಾಯಿಲೆ ಅಲ್ಲ, ತಿನ್ನುವುದು ನಿಲ್ಲಿಸಿ ತಲೆಯೆತ್ತಿ ನಿಂತು ಪೊರೆ ಬಿಡುವುದು. ನಾಲ್ಕನೆಯದು ಎದ್ದ ಮೇಲೆ ಅವುಗಳ ಹಸಿವಿಗೆ ಕೊನೆ ಇಲ್ಲ. ತರಗೆಲೆ ಮೇಲೆ ಆಡಿನ ಮಂದೆ ನಡೆದ ಹಾಗೆ ಮನೆಯೆಲ್ಲ ಸದ್ದು. ಬೆಳಿಗ್ಗೆ ಮಳೆ ಬಿಟ್ಟಾಗಲೇ ಸೊಪ್ಪು ಕೊಯ್ದು ತರಬೇಕಾಗಿದ್ದ ನಮ್ಮ ಚಿಕ್ಕಪ್ಪ ಪೇಟೆಗೆ ಸಿನಿಮಾಕ್ಕೆ ಹೋಗಿದ್ದ. ಸಂಜೆ ಬಂದು, ಮಳೆಯಲ್ಲೇ ಕೊಯ್ದು, ನೀರು ಸೋರುವ ಹೊರೆ ತಂದು ಹಾಕಿದ.

ತಾತ ಗದರಿದ. "ಒದ್ದೆ ಸೊಪ್ಪು ಹಾಕ್ಬ್ಯಾಡ ಕಣ್ಲಾ, ಹುಳ ಸಾಯ್ತವೆ. ಸೀರೆ ಮ್ಯಾಲೆ ಹರವಿ ಆರಾಕು."

"ಹಸ್ಕೊಂಡು ಸಾಯಾದ್ಕಿಂತ ತಿಂದು ಸಾಯ್ಲಿ ಬಿಡಪ್ಪ," ಎಂದು ನಗುತ್ತಾ ಚಿಕ್ಕಪ್ಪ ಹುಳದ ತಟ್ಟೆಗಳಿಗೆಲ್ಲ ಸುರಿದ. ನಾನು ಅಲ್ಲೇ ನಿಂತಿದ್ದೆ. ತಾತನೂ ನಿಂತಿದ್ದ.

ಅದಾದ ಎರಡನೇ ದಿನ ನಾನು ಮೈನೆರೆದೆ. ಹುಳದ ಮನೆಯಲ್ಲೇ, ಮಡಿಲಲ್ಲಿ ಸೊಪ್ಪು ಇಟ್ಟುಕೊಂಡು ಕೂತಿದ್ದಾಗ. ಅಮ್ಮ ಹಿಂದಿನಿಂದ ನೋಡಿ ರೆಟ್ಟೆ ಹಿಡಿದು ಆಚೆಗೆಳೆದಳು. ಸೊಪ್ಪು ಹೊಸ್ತಿಲ ತುಂಬ ಚೆಲ್ಲಿತು. ಸೋದರಮಾವ ಬಂದು ಹಿತ್ತಿಲಲ್ಲಿ ತೆಂಗಿನ ಗರಿಯ ಗುಡ್ಲು ಹಾಕಿದ, ನನ್ನನ್ನು ಅದರಲ್ಲಿ ಕೂರಿಸಿದರು. ಅಮ್ಮ ಚಿಗಳಿ ಕುಟ್ಟಿಕೊಟ್ಟಳು. ಎಳ್ಳು ಬೆಲ್ಲದ ಉಂಡೆ ಬಾಯಲ್ಲಿರುವಾಗಲೇ ಹುಳದ ಮನೆ ಕಡೆಯಿಂದ ಕೊಳೆತ ವಾಸನೆ ಬಂತು.

ಹುಳ ಕಪ್ಪಾಗಿ, ಮೆತ್ತಗಾಗಿ, ತಟ್ಟೆಯಂಚಿನಿಂದ ನೇತಾಡುತ್ತಿದ್ದವಂತೆ. ಮಂಕರಿ ಮಂಕರಿ ತುಂಬಿ ತಿಪ್ಪೆಗೆ ಸುರಿದರು. ಗುಡ್ಲಿನಿಂದ ಆ ತಿಪ್ಪೆ ಕಾಣುತ್ತಿತ್ತು. ಪಕ್ಕದ ಮನೆಯ ಗಂಗಮ್ಮತ್ತೆ ಬೇಲಿಯಾಚೆ ನಿಂತು ಊರಿಗೆಲ್ಲ ಕೇಳುವ ಹಾಗೆ ಹೇಳಿದಳು.

"ಹುಳದ ಮನ್ಯಾಗೇ ದೊಡ್ಡೋಳಾದ್ಲಂತೆ. ಇನ್ನು ಉಳೀತವಾ? ಎಲ್ಲಾನೂ ತಿಂದಾಕವ್ಳೆ."

ಸಂಜೆ ತಾತ ಹಿತ್ತಿಲಿಗೆ ಬಂದ. ದೂರದಲ್ಲೇ ನಿಂತ. ನಾನು ಕೂಗಿದೆ. "ತಾತ, ಒದ್ದೆ ಸೊಪ್ಪು ಹಾಕಿದ್ದು ಚಿಕ್ಕಪ್ಪ! ನೀನೇ ಬೈದ್ಯಲ್ಲ!"

"ಮೆಲ್ಲುಕ್ಕೆ ಮಾತಾಡಮ್ಮಿ."

"ಯಾಕ್ ಮೆಲ್ಲುಕ್ಕೆ? ಎಲ್ರೂ ನನ್ನೇ ಅಂತಾವ್ರೆ. ನೀನಾರಾ ಹೇಳು."

ಅವನು ನೆಲ ನೋಡುತ್ತಾ ಹೇಳಿದ. "ಹುಳ ಕೊಂದೋನು, ಕೆಲ್ಸಕ್ಕೆ ಬಾರದೋನು ಅಂತ ಊರು ಅಂದ್ರೆ ಅವ್ನಿಗೆ ಹೆಣ್ಣು ಯಾರು ಕೊಡ್ತಾರೆ? ನಿಂದೇನು, ಮೈಲಿಗೆ. ನೀರು ಹಾಕಿದ್ರೆ ಹೋಯ್ತದೆ."

"ದೇವ್ರಿಗೆ ಹೆಣ್ಣು ಗಂಡು ಕಾಣಾಕಿಲ್ಲ ಅಂದಿದ್ದಲ್ಲ ನೀನು?"

"ಅದು ಪದದಾಗೆ ಕಣಮ್ಮಿ. ಇದು ಮನೆ."

ಅಂದು ಶನಿವಾರ, ಭಜನೆಯ ದಿನ. ಅಲ್ಲಿಂದ ನೇರ ಭಜನೆ ಮನೆಗೆ ಹೋಗಿ ತಂಬೂರಿ ಎತ್ತಿದ. ಅವನ ಕಂಠ ಎಂದಿನಷ್ಟೇ ಚೆನ್ನಾಗಿತ್ತು. ಗುಡ್ಲಿನಲ್ಲಿ ಕೂತು ಪೂರ್ತಿ ಕೇಳಿದೆ.

ನೀರು ಹಾಕಿದರು, ಆರತಿ ಎತ್ತಿದರು. ಮೈಲಿಗೆ ಹೋಯಿತು, ಹೆಸರು ಹೋಗಲಿಲ್ಲ. 'ಹುಳ ತಿಂದೋಳು' ಎಂಬ ಆ ಹೆಸರು ಊರಿಂದೂರಿಗೆ ನನಗಿಂತ ಮುಂಚೆ ಹೋಗುತ್ತಿತ್ತು. ಮುಟ್ಟಾಗಿರಲಿ ಇಲ್ಲದಿರಲಿ, ನನ್ನನ್ನು ಮತ್ತೆ ಹುಳದ ಮನೆಗೆ ಸೇರಿಸಲಿಲ್ಲ. ನಮ್ಮ ಸೀಮೆಯಲ್ಲಿ ಹಿಪ್ಪುನೇರಳೆ ಇದ್ದ ಮನೆಯವರು ಯಾರೂ ನನ್ನನ್ನು ಕೇಳಲಿಲ್ಲ. ಕೊನೆಗೆ ಹುಳದ ಗಂಧವೇ ಇಲ್ಲದ ರಾಯದುರ್ಗದ ಕಡೆ, ಬೆಳುಗುಪ್ಪದ ಹತ್ತಿರ ಕೊಟ್ಟರು. ಅತ್ತೆ ಮೊದಲ ದಿನವೇ ಕೇಳಿದಳು, "ಯಾಕವಾ, ಇಷ್ಟು ದೂರ ಕೊಟ್ಟಾರ? ಏನರ ಊನ ಐತೇನು?" ಏನೂ ಇಲ್ಲ ಅತ್ತಿ, ಅಂದೆ. ಚಿಕ್ಕಪ್ಪನಿಗೆ ಹುಳ ಸತ್ತ ವರ್ಷವೇ ಮದುವೆಯಾಗಿತ್ತು.

ಈಗ ಮೊಮ್ಮಗಳು ಫೋನಿನಲ್ಲಿ ಸ್ವಾಮಿಗಳ ಪ್ರವಚನ ಹಾಕಿಕೊಡುತ್ತಾಳೆ. ಆತ್ಮಕ್ಕೆ ಭೇದವಿಲ್ಲ, ದೇಹಕ್ಕಷ್ಟೇ ಎನ್ನುತ್ತಾರೆ. ದೇಹಕ್ಕೆ ಭೇದ ಇದೆ, ನಾನೇನು ಇಲ್ಲ ಅನ್ನುವುದಿಲ್ಲ. ನಾಲ್ಕು ಹೆತ್ತವಳು ನಾನು, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ತಪ್ಪಿಗೂ ಹೆಣ್ಣು ಗಂಡು ಇರುತ್ತದೆಯೇ? ಅದನ್ನು ಯಾವ ಸ್ವಾಮಿಯೂ ಹೇಳುವುದಿಲ್ಲ.

ಮೊನ್ನೆ ತವರಿಗೆ ಹೋಗಿದ್ದೆ. ಹುಳಕ್ಕೆ ಈಗ ತೋಟದಲ್ಲಿ ಬೇರೆ ಶೆಡ್ಡು. ಚಿಕ್ಕಪ್ಪ ಅದರ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ, ಬಾಯಲ್ಲಿ ಒಂದು ಹಲ್ಲೂ ಇಲ್ಲ. ಶನಿವಾರದ ತಂಬೂರಿ ಈಗ ಅವನದೇ. ಸೊಪ್ಪು ಹೊತ್ತು ಬಂದ ಸೊಸೆಗೆ ಕೂಗಿದ, "ಒದ್ದೆ ಐತೆ ಕಣಮ್ಮ, ಆರಾಕು! ಹುಳ ಸಾಯ್ತವೆ!"

"ಅದು ನಿಂಗೆ ಯಾವಾಗ ಗೊತ್ತಾಯ್ತು ಚಿಕ್ಕಪ್ಪ?" ಎಂದೆ.

"ಇದೇನ್ ಕೇಳ್ತೀಯ! ಹುಟ್ಟಿದಾಗ್ಲಿಂದ ಗೊತ್ತು," ಎಂದು ನಕ್ಕ. ಅವನಿಗೆ ಏನೂ ನೆನಪಿರಲಿಲ್ಲ.

ಸೊಸೆ ನನ್ನನ್ನು ಒಳಗೆ ಕರೆದು ಅಂಗೈ ಮೇಲೆ ಒಂದು ಹುಳ ಇಟ್ಟಳು. ತಣ್ಣಗಿತ್ತು. ಹೆಣ್ಣೋ ಗಂಡೋ ಇಂದಿಗೂ ಗೊತ್ತಾಗಲಿಲ್ಲ. ತಟ್ಟೆಗೆ ಬಿಟ್ಟು ಆಚೆ ಬಂದೆ. ಯಾರೂ ಹೋಗು ಅನ್ನಲಿಲ್ಲ. ಆ ವಾಸನೆಯೊಳಗೆ ನಿಲ್ಲುವುದು ಈಗ ನನಗೇ ಆಗುವುದಿಲ್ಲ.