ಪಾಪಕ್ಕ ಹೊತ್ತ ಫ್ಯಾನು

ಬಿಳಿಗಲ್ಲಹಟ್ಟಿಯಲ್ಲಿ ಪಾಪಕ್ಕನ ಕಣ್ಣು ತಪ್ಪಿಸಿ ಯಾರೂ ಇರುವಂತಿರಲಿಲ್ಲ. ಅವಳೂ ಯಾರ ಕಣ್ಣೂ ತಪ್ಪಿಸುವಂತಿರಲಿಲ್ಲ. ಅವಳು ಹಾಲಿನ ಡೈರಿಯ ಕಾರ್ಯದರ್ಶಿ. ಎಮ್ಮೆ, ಹಸು ಇದ್ದವರೆಲ್ಲ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಕ್ಯಾನು, ಚೊಂಬು ಹಿಡಿದು ಅವಳ ಮುಂದೆ ಸಾಲು ನಿಲ್ಲಬೇಕು. ಗಂಡ ತೀರಿಕೊಂಡ ಮೇಲೆ ಸಿಕ್ಕ ಕೆಲಸ ಅದು. ಹಾಲಿನ ಗಟ್ಟಿತನದ ಡಿಗ್ರಿ ನೋಡುವಾಗ ಅವಳು ನೆಂಟರ ಮುಖ ನೋಡಿದವಳಲ್ಲ. ಸ್ವಂತ ನಾದಿನಿಯ ಹಾಲಿಗೆ ನೀರು ಬಿದ್ದಿದೆ ಎಂದು ಎಲ್ಲರೆದುರೇ ವಾಪಸ್ ಕಳಿಸಿದ್ದಳು. ನಾದಿನಿ ಮಾತು ಬಿಟ್ಟಳು. ಊರು ಮಾತ್ರ ಆವತ್ತಿನಿಂದ ಪಾಪಕ್ಕನ ಕೈಗೆ ಕಣ್ಣು ಮುಚ್ಚಿ ಏನು ಬೇಕಾದರೂ ಕೊಡಬಹುದು ಎನ್ನತೊಡಗಿತು. ಮುಂದೆ ಅವಳ ಕಾಲಿಗೆ ತೊಡರಿಕೊಂಡದ್ದು ಆ ಒಳ್ಳೆಯ ಹೆಸರೇ.

ಮೊಳಕಾಲ್ಮೂರು ಸೀಮೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಬಂದು ಬಹಳ ಕಾಲವಾಯಿತು. ಜನ ಅವನ್ನು ಫ್ಯಾನು ಎನ್ನುತ್ತಾರೆ. ಹಟ್ಟಿಯ ಎದುರಿನ ಗುಡ್ಡದಲ್ಲೂ ಒಂದು ಕಂಪನಿಯ ಫ್ಯಾನುಗಳು ತಿರುಗುತ್ತಿದ್ದವು. ಅವುಗಳ ಕರೆಂಟು ಹಟ್ಟಿಯ ಮಾಳಿಗೆಗಳ ಮೇಲಿನ ತಂತಿಯಲ್ಲೇ ಹಾದು ಎಲ್ಲಿಗೋ ಹೋಗುತ್ತಿತ್ತು. ಕೆಳಗೆ ಹಿಟ್ಟಿನ ಗಿರಣಿ ಮುಂದೆ ಹೆಂಗಸರು ರಾಗಿ ಪುಟ್ಟಿ ಇಟ್ಟುಕೊಂಡು ಕರೆಂಟು ಬರಲಿ ಎಂದು ಕೂತಿರುತ್ತಿದ್ದರು.

ಹೀಗಿರುವಾಗ ಗೋವರ್ಧನ ಬಂದ. ಚಿತ್ರದುರ್ಗದ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಹುಡುಗ. ಮಾತು ಮೆತ್ತಗೆ, ಕಣ್ಣಲ್ಲಿ ಆಸೆ. ಡೈರಿ ಜಗಲಿಯ ಮೇಲೆ ಕೂತು ಹೇಳಿದ: "ಗುಡ್ಡ ನಿಮ್ಮದು, ಗಾಳಿ ನಿಮ್ಮದು. ಫ್ಯಾನು ಮಾತ್ರ ಯಾಕೆ ಬೇರೆಯವರದ್ದಾಗ್ಬೇಕು? ಊರೆಲ್ಲ ಸೇರಿ ಒಂದು ಸಂಘ ಮಾಡ್ಕೊಳ್ರಿ. ಒಂದೇ ಒಂದು ಫ್ಯಾನು ನಿಲ್ಲಿಸ್ರಿ. ಕರೆಂಟು ಸರ್ಕಾರಕ್ಕೆ ಮಾರೋದು, ಬಂದದ್ದು ಊರಿಗೆ."

"ಅಷ್ಟು ದುಡ್ಡು ಎಲ್ಲಿಂದ ತರೋದಪ್ಪ?" ಎಂದಳು ಪಾಪಕ್ಕ.

"ದೊಡ್ಡ ಪಾಲು ಬೆಂಗಳೂರಿನ ಒಂದು ನಿಧಿಯೋರು ಹಾಕ್ತಾರೆ. ಆದ್ರೆ ಊರಿನೋರೂ ಕೈಲಾದಷ್ಟು ಷೇರು ಹಾಕಿರ್ಬೇಕು. ಪುಕ್ಕಟೆ ಬಂದದ್ದನ್ನ ಯಾರೂ ಜೋಪಾನ ಮಾಡಲ್ಲ ಅಂತಾರೆ ಅವರು."

ಸಂಘ ಆಯಿತು. ಅಧ್ಯಕ್ಷರು ಯಾರು ಎಂದಾಗ ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು. ಪಾಪಕ್ಕ ಬೇಡ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯಾಗಿತ್ತು. ಹಾಲು ಅಳೆಯುತ್ತಲೇ ಷೇರಿನ ಮಾತು ತೆಗೆಯುತ್ತಿದ್ದಳು, ಮನೆಮನೆಗೆ ಹೋಗಿ ಕೂರುತ್ತಿದ್ದಳು. ಕುರಿ ಮೇಯಿಸುವ ಮುದುಕಿ ಕೆಂಚಕ್ಕ ಮುದ್ದಿನಿಂದ ಸಾಕಿದ್ದ ಟಗರನ್ನು ಚಳ್ಳಕೆರೆ ಸಂತೆಗೆ ಹೊಡೆದುಕೊಂಡು ಹೋಗಿ ಮಾರಿ ಬಂದು ದುಡ್ಡನ್ನು ಅವಳ ಸೆರಗಿಗೆ ಹಾಕಿದಳು. ಕೂಲಿ ಹೋಗುವವರು ಕೂಲಿಯಲ್ಲಿ ಮುರಿದು ಕೊಟ್ಟರು. ಕೊಡದೆ ಉಳಿದವನೆಂದರೆ ಬೊಮ್ಮಲಿಂಗಪ್ಪ. ಊರಿನ ಹಿರಿಯ, ಗುಡ್ಡದ ಬುಡದಲ್ಲಿ ಉದ್ದಕ್ಕೂ ಶೇಂಗಾ ಹೊಲ ಇದ್ದವನು.

"ಗಾಳೀನ ನಂಬಿ ದುಡ್ಡು ಹಾಕಾಕೆ ನಾನೇನು ತೂರೋ ಕಣದಾಗೆ ಹುಟ್ಟಿದೋನಾ? ಹೋಗು ತಾಯಿ," ಎಂದಿದ್ದ.

ಗುಡ್ಡಕ್ಕೆ ಅಂಟಿಕೊಂಡ ದಿಬ್ಬದ ಮೇಲೆ ಗಾಳಿ ಅಳೆಯುವ ಕಂಬ ನೆಟ್ಟರು. ತುದಿಯಲ್ಲಿ ಪುಟ್ಟ ಬಟ್ಟಲುಗಳು ಗಿರಗಿರ ಸುತ್ತುತ್ತಿದ್ದವು. ಒಂದು ಆಷಾಢ ಕಳೆದು ಇನ್ನೊಂದು ಆಷಾಢ ಬಂದಾಗ ಗೋವರ್ಧನ ಓಡೋಡಿ ಬಂದು, ಗಾಳಿ ಎಣಿಸಿದ್ದಕ್ಕಿಂತ ಚೆನ್ನಾಗಿದೆ ಎಂದ. ಊರು ಮಂಡಕ್ಕಿ, ಮೆಣಸಿನಕಾಯಿ ಹಂಚಿಕೊಂಡು ತಿಂದಿತು. ಪಾಪಕ್ಕನಿಗೆ ಆವತ್ತು ನೆಲ ಕಾಣಲಿಲ್ಲ.

ಆಮೇಲೆ ಗಾಣ ಶುರುವಾಯಿತು.

ಕರೆಂಟು ಕೊಳ್ಳುವ ಒಪ್ಪಂದ ತನ್ನಿ, ದುಡ್ಡು ಬಿಡುತ್ತೇವೆ ಎಂದಿತು ನಿಧಿ. ಕರೆಂಟು ಕಚೇರಿಗೆ ಹೋದರೆ, ಮೊದಲು ಜಾಗ ನಿಮ್ಮ ಕೈಲಿರಬೇಕು ಎಂದರು. ಜಾಗಕ್ಕೆಂದು ಭೂಮಿ ಕಚೇರಿಗೆ ಹೋದರೆ, ಈ ಯೋಜನೆಗೆ ದುಡ್ಡು ಯಾರು ಹಾಕುತ್ತಾರೆ ತೋರಿಸಿ ಎಂದರು. ಸಾಲದ್ದಕ್ಕೆ ದಿಬ್ಬ ದಾಖಲೆಯಲ್ಲಿ ಕಾವಲ್ ಎಂದಿತ್ತು. ದನ ಮೇಯಲು ಬಿಟ್ಟ ಹುಲ್ಲುಗಾವಲು, ಬೇರೆ ಕೆಲಸಕ್ಕೆ ಕೊಡುವ ಹಾಗಿಲ್ಲ.

"ಉಳ್ಳಾರ್ತಿ ಕಾವಲ್‌ನಾಗೆ ಸಂಶೋಧನಾ ಕೇಂದ್ರಗಳಿಗೆ ಅಂತ ಅಷ್ಟುದ್ದ ಗೋಡೆ ಎದ್ದೈತಲ್ರೀ. ನಾವು ಕೇಳ್ತಿರೋದು ಒಂದು ಕಂಬ ಊರೋ ಜಾಗ," ಎಂದಳು ಪಾಪಕ್ಕ.

ಗುಮಾಸ್ತ ಕೆಟ್ಟವನಲ್ಲ. ತಲೆ ಎತ್ತಿ, "ಅದು ಮೇಲಿನಿಂದ ಬಂದದ್ದು ಕಣಮ್ಮ. ನೀವು ಕೆಳಗಿಂದ ಬಂದಿದೀರಿ," ಎಂದ.

ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗ, ಮತ್ತೆ ಮೊಳಕಾಲ್ಮೂರು. ಬೆಳಗಿನ ಹಾಲು ಕಳಿಸಿ ಹೊರಟರೆ ಸಂಜೆಯ ಹಾಲಿಗೆ ವಾಪಸ್ಸಾಗಬೇಕು. ಕಾವಲ್ ಅಲ್ಲದ, ಗಾಳಿ ಸಿಗುವ ಜಾಗವೆಂದರೆ ಬೊಮ್ಮಲಿಂಗಪ್ಪನ ಹೊಲದ ಮೇಲಂಚು ಒಂದೇ. ಹೋಗಿ ಹೋಗಿ ಕೇಳಿದರು. ಹೋದಾಗಲೆಲ್ಲ ಅವನು ಮಜ್ಜಿಗೆ ಕೊಟ್ಟು, ಆಗಲ್ಲ ಎಂದು ಕಳಿಸಿದ. ಅಷ್ಟರಲ್ಲಿ ಗೋವರ್ಧನನ ಸಂಸ್ಥೆಗೆ ಬರುವ ನೆರವು ನಿಂತಿತು. ಅವನಿಗೆ ತಮಿಳುನಾಡಿನ ಕಡೆ ಕೆಲಸ ಸಿಕ್ಕಿತು. ಹೇಳದೆ ಹೋಗಲಿಲ್ಲ, ಬಂದು ಕೈ ಹಿಡಿದುಕೊಂಡ.

"ಫೋನು ಮಾಡ್ರಿ ಪಾಪಕ್ಕ, ಯಾವಾಗ ಬೇಕಾದ್ರೂ."

"ಫೋನಿಗೆ ಮುಖ ಇರಲ್ಲಪ್ಪ. ಇಲ್ಲಿ ಎರಡು ಹೊತ್ತೂ ಮುಖ ತೋರಿಸ್ಬೇಕಾದೋಳು ನಾನು," ಎಂದಳು ಅವಳು.

ಅವಳು ಹೇಳಿದಂತೆಯೇ ಆಯಿತು. "ಫ್ಯಾನು ಎಲ್ಲಿಗೆ ಬಂತು ಪಾಪಕ್ಕ?" ಎಂದು ಮೊದಲು ನಗುತ್ತ ಕೇಳುತ್ತಿದ್ದರು. ನಗು ಹೋಯಿತು, ಪ್ರಶ್ನೆ ಉಳಿಯಿತು. ಷೇರಿನ ದುಡ್ಡು ಬ್ಯಾಂಕಿನಲ್ಲಿ ಇಟ್ಟದ್ದು ಇಟ್ಟ ಹಾಗೇ ಇತ್ತು. ಸಂಘ ಮುಚ್ಚದೆ ಅದನ್ನು ತೆಗೆಯುವಂತಿಲ್ಲ. ಮುಚ್ಚೋಣವೇ ಎಂದರೆ ಅರ್ಧ ಊರು, ಇಷ್ಟು ದಿನ ಕಾದು ಈಗ ಮುಚ್ಚುವುದೇ ಎನ್ನುತ್ತಿತ್ತು. ಉಳಿದರ್ಧ, ಇವಳಿಗೆ ಮುಚ್ಚುವ ಆತುರ ಯಾಕೆ ಎನ್ನುತ್ತಿತ್ತು. ಅಧ್ಯಕ್ಷತೆ ಬಿಟ್ಟರೆ ತಿಂದು ಬಿಟ್ಟಳು ಎನ್ನುತ್ತಾರೆ. ಬಿಡದಿದ್ದರೆ ತಿನ್ನಲು ಕೂತಿದ್ದಾಳೆ ಎನ್ನುತ್ತಾರೆ. ಹಾಲು ಅಳೆಯುವಾಗ ಎದುರಿನವರ ಕಣ್ಣು ಹಾಲಿನ ಮೇಲಿರದೆ ತನ್ನ ಕೈ ಮೇಲಿದೆ ಎಂದು ಅವಳಿಗೆ ಅನಿಸತೊಡಗಿತು.

ಮಗಳು ಸುನಿತಾ ಕುದಾಪುರದ ರಸ್ತೆಯಲ್ಲಿ ಊಟದ ಹೋಟೆಲು ಇಟ್ಟಿದ್ದಳು. ಅಲ್ಲಿನ ಸಂಶೋಧನಾ ಕೇಂದ್ರಗಳಲ್ಲಿ ಕಟ್ಟಡ ಕೆಲಸಕ್ಕೆ ಬರುವವರೇ ಗಿರಾಕಿಗಳು. ಮುದ್ದೆ ಮಾಡಲು ಕೈ ಸಾಲದು. "ಡೈರೀನೂ ಬ್ಯಾಡ, ಫ್ಯಾನೂ ಬ್ಯಾಡ, ಬಂದ್ಬಿಡವ್ವ," ಎಂದು ಫೋನಿನಲ್ಲಿ ಕರೆಯುತ್ತಲೇ ಇದ್ದಳು. ಪಾಪಕ್ಕನಿಗೆ ಆಸೆಯಾಗುತ್ತಿತ್ತು. ಮುದ್ದೆ ತೊಳಸುವ ಕೆಲಸಕ್ಕಲ್ಲ, ತನ್ನನ್ನು ಯಾರೂ ಏನೂ ಕೇಳದ ಜಾಗ ಅದು ಎಂಬ ಒಂದೇ ಕಾರಣಕ್ಕೆ. ಆಗಲೇ ಹೋಟೆಲಿನ ಹೊಸ ಶೀಟಿನ ಮಾಡು ಸಂಘದ ದುಡ್ಡಿನದಂತೆ ಎಂಬ ಮಾತು ಅವಳ ಕಿವಿಗೆ ಬಿತ್ತು. ಹಬ್ಬಿಸಿದವನು ಯತ್ತಪ್ಪ, ಗಿರಣಿ ನಡೆಸುವವನು. ಅವನ ಷೇರೂ ಸಂಘದಲ್ಲಿತ್ತು.

ಆ ವಾರವೇ ಅವಳು ಸಂಜೆ ಹಾಲಿನ ಕೆಲಸ ನಾದಿನಿಗೆ ಒಪ್ಪಿಸಿದಳು. ಅಷ್ಟರ ಹೊತ್ತಿಗೆ ನಾದಿನಿ ಮತ್ತೆ ಮಾತಾಡುತ್ತಿದ್ದಳು. ಪಾಪಕ್ಕ ಒಂದು ಚೀಲದಲ್ಲಿ ಎರಡು ಸೀರೆ ತುಂಬಿಕೊಂಡು ಬಸ್ಸು ಹತ್ತಿದಳು. ಯಾವಾಗ ಬರುತ್ತೇನೆಂದು ತನಗೆ ತಾನೂ ಹೇಳಿಕೊಂಡಿರಲಿಲ್ಲ. ಬಸ್ಸಿನ ತುಂಬ ಹಟ್ಟಿಯವರೇ.

"ಎಲ್ಲಿಗೆ ಪಾಪಕ್ಕ, ಚೀಲ ತಗಂಡು?" ಎಂದು ಹಿಂದಿನ ಸೀಟಿನಿಂದ ಪಾತಮ್ಮ ಕೇಳಿದಳು.

"ಮಗಳ ಮನೆಗೆ."

"ಬರ್ತೀಯಲ್ಲ?"

ಪಾತಮ್ಮ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಆ ಮಾತಿಗೆ ಬಸ್ಸಿನ ಗದ್ದಲ ಒಮ್ಮೆ ತಗ್ಗಿತು. ಕೂತವರು, ನಿಂತವರು ಎಲ್ಲರೂ ಕಿಟಕಿಯ ಹೊರಗೆ ನೋಡುತ್ತ ಉತ್ತರಕ್ಕೆ ಕಿವಿ ಕೊಟ್ಟಿದ್ದರು. ಪಾಪಕ್ಕ ಚೀಲ ಎತ್ತಿಕೊಂಡು ಬಾಗಿಲ ಕಡೆ ಸರಿದಳು. ಕುದಾಪುರಕ್ಕೆ ಬಸ್ಸು ಬದಲಿಸಲು ಬಿ.ಜಿ. ಕೆರೆಯಲ್ಲಿ ಇಳಿದಳು. ಚಳ್ಳಕೆರೆ ಬಸ್ಸು ಬಂತು, ನಿಂತಿತು, ಕಂಡಕ್ಟರ್ ಕೂಗಿದ, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಅವಳು ಟೀ ಅಂಗಡಿಯ ಬೆಂಚಿನ ಮೇಲೆ ಚೀಲ ತಬ್ಬಿಕೊಂಡು ಕೂತೇ ಇದ್ದಳು. ಕುದಾಪುರ ಅಷ್ಟೇನೂ ದೂರವಿಲ್ಲ. ಆದರೆ ಅಲ್ಲಿ ಹೋಗಿ ಕೂತರೂ ಇವರೆಲ್ಲ ತನ್ನ ಬೆನ್ನ ಹಿಂದೆ ಕಿಟಕಿಯ ಹೊರಗೆ ನೋಡುತ್ತಲೇ ಇರುತ್ತಾರೆ ಎನಿಸಿತು. ಬಿಸಿಲು ಇಳಿಯುವ ಮೊದಲೇ ಆಟೋ ಹಿಡಿದು ಹಟ್ಟಿಗೆ ಬಂದು ಸಂಜೆಯ ಹಾಲು ತಾನೇ ಅಳೆದಳು. ಆ ಸಂಜೆ ಯಾರೂ ಏನೂ ಕೇಳಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಸ್ವಲ್ಪ ದಿನಕ್ಕೆ ಮುತ್ತುರಾಜ್ ಎಂಬುವನು ಕಾರಿನಲ್ಲಿ ಬಂದ. ಇನ್ನೊಂದು ಫ್ಯಾನಿನ ಕಂಪನಿಗೆ ಜಾಗ ಗೊತ್ತು ಮಾಡಿಕೊಡುವ ಏಜೆಂಟ್. ಅಕ್ಕಾ ಅಕ್ಕಾ ಎನ್ನುತ್ತ ವಿಷಯಕ್ಕೆ ಬಂದ. ಕಂಬ ಅಳೆದ ಗಾಳಿಯ ಲೆಕ್ಕ ಕಂಪನಿಗೆ ಬೇಕು. ಒಳ್ಳೆಯ ಬೆಲೆ ಕೊಡುತ್ತಾರೆ. ಸಂಘದವರಿಗೆಲ್ಲ ಹಾಕಿದ್ದಕ್ಕಿಂತ ಹೆಚ್ಚೇ ವಾಪಸ್ ಸಿಗುತ್ತದೆ.

"ನಿಮ್ಮ ಮಗಳ ಹೋಟೆಲು ಐತಂತಲ್ಲಕ್ಕಾ. ನಮ್ಮ ಕೆಲಸಗಾರರ ಊಟದ ಗುತ್ತಿಗೆ ಅವರಿಗೇ ಕೊಡಿಸ್ತೀನಿ. ನಿಮಗೂ ಈ ತಲೆನೋವು ತಪ್ಪುತ್ತೆ."

ಪಾಪಕ್ಕನಿಗೆ ಈ ಹೊರೆಯಿಂದ ಪಾರಾಗುವ ಬಾಗಿಲು ತೆರೆದಿತ್ತು. ಅದು ಕಂಪನಿಯ ಕಡೆಗೆ ತೆರೆದಿದೆ ಎಂದೂ ಕಾಣುತ್ತಿತ್ತು.

"ಊಟದ ಗುತ್ತಿಗೆ ಬ್ಯಾಡಪ್ಪ. ಉಳಿದದ್ದನ್ನ ಸಭೇಲಿ ಕೇಳ್ತೀನಿ," ಎಂದಳು.

ಭಾನುವಾರ ಮಧ್ಯಾಹ್ನ ಬೇವಿನ ಮರದ ಕೆಳಗೆ ಊರು ಸೇರಿತು. ಪಾಪಕ್ಕ ನಿಂತೇ ಮಾತಾಡಿದಳು. ಮುತ್ತುರಾಜ್ ಹೇಳಿದ್ದನ್ನು ಒಂದೂ ಬಿಡದೆ ಹೇಳಿದಳು.

"ಲೆಕ್ಕ ಮಾರಿ ನಿಮ್ಮ ನಿಮ್ಮ ದುಡ್ಡು ತಗಳ್ರಿ, ಇಲ್ಲಾಂದ್ರೆ ಕಾಯ್ರಿ. ಕಾಯೋದಾದ್ರೆ ಈ ಕುರ್ಚಿಗೆ ಇನ್ನೊಬ್ಬರನ್ನ ನೋಡ್ಕಳ್ರಿ. ನನ್ನ ಕೈಲಾಗಲ್ಲ."

"ಕಂಪನಿಯೋರು ನಿನಗೇನು ಕೊಡ್ತಾರಂತೆ?" ಯತ್ತಪ್ಪ ಕೂತಲ್ಲಿಂದಲೇ ಕೇಳಿದ.

"ಸುನಿತಾಗೆ ಊಟದ ಗುತ್ತಿಗೆ ಕೊಡ್ತೀನಿ ಅಂದ. ಬ್ಯಾಡ ಅಂದೆ. ಅವಳ ಹೋಟೆಲಿನ ಶೀಟು ಅವಳ ದುಡಿಮೇದು. ಬ್ಯಾಂಕಿಗೆ ನಾಳೆ ನೀನೇ ಬಾ ಯತ್ತಪ್ಪ, ಕಣ್ಣಾರೆ ನೋಡು."

ಯತ್ತಪ್ಪ ಕಾಲ ಬಳಿಯ ಮಣ್ಣು ಕೆರೆಯತೊಡಗಿದ. ಕೆಂಚಕ್ಕ ಕೋಲು ಊರಿ ಎದ್ದಳು.

"ನಾನು ಟಗರು ಮಾರಿದ್ದು ದುಡ್ಡು ವಾಪಸ್ ಈಸ್ಕಣಾಕಲ್ಲ. ನನ್ನ ಮೊಮ್ಮಕ್ಕಳು ನಮ್ಮ ಫ್ಯಾನು ಅಂತ ಬೆರಳು ತೋರಿಸ್ಲಿ ಅಂತ." ಆಮೇಲೆ ಸಿಟ್ಟು ಬಂದಾಗ ಆಡುವ ತೆಲುಗಿನಲ್ಲಿ, "ಗಾಲಿ ಅಮ್ಮುಕುಂಟಾರಾ ಎವರೈನಾ!" ಎಂದಳು. ಗಾಳಿಯನ್ನು ಯಾರಾದರೂ ಮಾರಿಕೊಳ್ಳುತ್ತಾರೆಯೇ ಎಂಬ ಮಾತಿಗೆ ಕೆಲವರು ನಕ್ಕರು, ಕೆಲವರು ಹೌದೆಂದರು. ಸಭೆ ಎರಡಾಯಿತು. ಜಗಳವಾಗುವುದರಲ್ಲಿತ್ತು.

ಆಗ, ಸಂಘಕ್ಕೇ ಸೇರದ ಬೊಮ್ಮಲಿಂಗಪ್ಪ ಕಟ್ಟೆಯ ಮೂಲೆಯಿಂದ ಗಂಟಲು ಸರಿಮಾಡಿಕೊಂಡ.

"ಆ ಕಾರಿನೋನು ನನ್ನ ಹೊಲಕ್ಕೂ ಬಂದಿದ್ದ. ಬಾಡಿಗೆ ಕೊಡ್ತೀನಿ ಅಂದ. ಅದೇ ಬಾಡಿಗೆ ಸಂಘ ಕೊಟ್ರೆ ಜಾಗ ನಿಮಗೇ ಕೊಡ್ತೀನಿ. ದಾನ ಅಲ್ಲ ಮತ್ತೆ."

ಎಲ್ಲರೂ ಅವನ ಕಡೆ ತಿರುಗಿದರು.

"ಇಷ್ಟು ದಿನ ಯಾಕೆ ಕೊಡ್ಲಿಲ್ಲ ಮಾವ?" ಎಂದಳು ಪಾಪಕ್ಕ.

"ಇಂಥದ್ದು ಶುರು ಮಾಡಿದೋರು ನಡುವೆ ಕೈ ಬಿಟ್ಟು ಓಡೋಗ್ತಾರೆ ತಾಯಿ. ಆ ಹುಡುಗ ಹೋದ. ನೀನೂ ಹೋಗ್ತೀಯ ಅಂತ ಕಾಯ್ತಿದ್ದೆ. ಚೀಲ ತಗಂಡು ಹೋದೋಳು ಅದೇ ದಿನ ತಿರುಗಿ ಬಂದಿ. ಅದಕ್ಕೇ ಒಂದು ಮಾತು. ಫ್ಯಾನು ತಿರುಗೋವರೆಗೂ ಅಧ್ಯಕ್ಷಿ ನೀನೇ ಇರ್ಬೇಕು. ನೀನು ಇಳಿದ ದಿನ ಜಾಗ ವಾಪಸ್. ಕರಾರಿನಾಗೆ ಬರೆಸ್ತೀನಿ."

"ಇದು ಜಾಗ ಕೊಡೋದೋ, ನನ್ನನ್ನ ಗೂಟಕ್ಕೆ ಕಟ್ಟೋದೋ?"

"ಎರಡೂ," ಎಂದ ಬೊಮ್ಮಲಿಂಗಪ್ಪ.

ಊರು ಚಪ್ಪಾಳೆ ತಟ್ಟಿತು. ಅವಳನ್ನು ಯಾರೂ ಕೇಳಲಿಲ್ಲ. ಸಂತೋಷದ ಸದ್ದಿನ ನಡುವೆ ಪಾಪಕ್ಕನಿಗೆ, ಬಿ.ಜಿ. ಕೆರೆಯ ಬೆಂಚಿನಿಂದ ತಾನು ಹಿಂದಿರುಗಿದ್ದು ಧೈರ್ಯದಿಂದಲ್ಲ, ಹೆದರಿಕೆಯಿಂದ ಎಂದು ಕೂಗಿ ಹೇಳಬೇಕೆನಿಸಿತು. ಹೇಳಲಿಲ್ಲ. ಕೈ ಎತ್ತಿ ಸದ್ದು ನಿಲ್ಲಿಸಿದಳು.

"ಇರ್ತೀನಿ. ಆದ್ರೆ ನನ್ನದೂ ಒಂದು ಕರಾರು ಐತೆ. ತಿಂಗಳಿಗೆ ಒಂದು ವಾರ ಮಗಳ ಹತ್ರ ಇರ್ತೀನಿ. ಆವಾಗ ಹಾಲಿಗೆ ನನ್ನ ನಾದಿನಿ, ಕಚೇರಿಗೆ ಯತ್ತಪ್ಪ. ಅನುಮಾನ ಇರೋನೇ ಓಡಾಡ್ಲಿ, ಗೊತ್ತಾಗ್ತದೆ."

ಜನ ನಕ್ಕರು. ಯತ್ತಪ್ಪ ತಪ್ಪಿಸಿಕೊಳ್ಳಲು ಜಾಗ ಹುಡುಕಿದ, ಸಿಗಲಿಲ್ಲ.

ಪಟ್ಟಾ ಜಮೀನು ಕೈಗೆ ಬಂದ ಮೇಲೆ ಗಾಣ ಬಿಚ್ಚಿಕೊಂಡಿತು. ಹೊಲದಂಚಿಗೆ ಗಾಳಿ ದಿಬ್ಬದಷ್ಟಿಲ್ಲ, ಫ್ಯಾನು ಕೊಂಚ ಸಣ್ಣದಾಯಿತು. ಆದರೂ ಕರೆಂಟಿನ ಒಪ್ಪಂದ ಬಂತು, ನಿಧಿಯ ಮೊದಲ ಕಂತೂ ಬಂತು. ಇನ್ನು ಉದ್ದದ ರೆಕ್ಕೆ ಹೊತ್ತ ಲಾರಿ ತಿರುಗಲು ರಸ್ತೆ ಅಗಲ ಮಾಡಬೇಕು, ಅಡಿಪಾಯ ತೋಡಬೇಕು. ಇನ್ನೂ ಎರಡು ಮುಂಗಾರು ಹಿಡಿಯಬಹುದು ಎಂದು ಎಂಜಿನಿಯರ್ ಹೇಳಿದ. ಕರಾರಿನ ವಾರದಲ್ಲಿ ಪಾಪಕ್ಕ ಕುದಾಪುರಕ್ಕೆ ಹೋದರೂ ಎರಡೇ ದಿನಕ್ಕೆ ಯತ್ತಪ್ಪನ ಫೋನು ಬರುತ್ತದೆ. ಕಚೇರಿಯವರು ಅಧ್ಯಕ್ಷರ ಸಹಿಯೇ ಬೇಕೆನ್ನುತ್ತಾರಂತೆ. ಸುನಿತಾ ಬೇರೊಬ್ಬಳನ್ನು ಮುದ್ದೆಗೆ ಇಟ್ಟುಕೊಂಡಳು.

ಮೊನ್ನೆ ಬೆಳಿಗ್ಗೆ ಅಡಿಪಾಯಕ್ಕೆ ಗುರುತು ಹಾಕಲು ಬಂದವರು ನಿಂತ ಶೇಂಗಾ ಬೆಳೆಯಲ್ಲಿ ಗೂಟ ಹೊಡೆದರು. ಬೊಮ್ಮಲಿಂಗಪ್ಪ ಕಿತ್ತು ಬಿಸಾಕಿದ. ಕಾಯಿ ಬಲಿಯುವವರೆಗೆ ಒಬ್ಬರೂ ಕಾಲಿಡಕೂಡದೆಂದು ಬದುವಿನ ಮೇಲೆ ಅಡ್ಡ ನಿಂತ. ಅಧ್ಯಕ್ಷರನ್ನು ಕರೆಯಿರಿ ಎಂದರು ಇವರು, ಕರೆಯಿರಿ ಎಂದ ಅವನೂ. ಡೈರಿ ಮುಂದೆ ಸಾಲು ಇನ್ನೂ ಅರ್ಧ ಕರಗಿರಲಿಲ್ಲ. ಪಾಪಕ್ಕ ಕೈ ಒರೆಸಿಕೊಂಡು, ಅಳತೆಯ ಪಾತ್ರೆಯನ್ನು ನಾದಿನಿಯ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ ಹೊಲದ ದಾರಿ ಹಿಡಿದಳು. ಕಾಯಿ ಬಲಿಯಲು ಇನ್ನು ಎಷ್ಟು ದಿನ, ಗುಂಡಿ ತೋಡುವ ಯಂತ್ರವನ್ನು ಅಲ್ಲಿಯವರೆಗೆ ಹೇಗೆ ತಡೆದಿಡಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತ ಬಿರಬಿರನೆ ನಡೆದಳು.