ತಿಪ್ಪೆಗೆ ಬಂದ ಮೂರು ಕಾಗದ

ನಮ್ಮ ಹಳ್ಳಿಯನ್ನು ಪಕ್ಕದ ಪಟ್ಟಣದ ಮುನ್ಸಿಪಾಲಿಟಿಗೆ ಸೇರಿಸಿದರು. ನಾವು ಇದ್ದಲ್ಲೇ ಇದ್ದೆವು. ಮನೆಯೆದುರಿನ ತಿಪ್ಪೆ ಮಾತ್ರ ಅಪರಾಧಿಯಾಯಿತು.

ತಿಪ್ಪೆಯೆಂದರೆ ಹತ್ತು ಕುರಿ, ಒಂದು ಎಮ್ಮೆಯ ಇಡೀ ವರ್ಷದ ಗೊಬ್ಬರ. ಜೂನಿನ ಮಿರಗದ ಮಳೆಗೆ ಮುಂಚೆ ಅದು ನನ್ನ ಒಂದೆಕರೆ ಹೊಲಕ್ಕೆ ಹೋಗಬೇಕು. ಅಲ್ಲಿ ಜೋಳ, ತೊಗರಿ, ನವಣೆ, ಪುಂಡಿ ಕೂಡಿಸಿ ಬಿತ್ತುತ್ತೇನೆ. ಅಂಗಡಿಯ ಗೊಬ್ಬರವನ್ನು ಆ ಮಣ್ಣಿಗೆ ಇಂದಿಗೂ ತೋರಿಸಿಲ್ಲ. ತಮ್ಮನ ಬಂಡಿ ಬರಲು ಇನ್ನೂ ಹದಿನೈದು ದಿನವಿತ್ತು, ಅಷ್ಟರಲ್ಲಿ ಕಾಗದ ಬಂತು.

ನಮ್ಮದು ತೆಲುಗು ಸೀಮೆ, ಸರಕಾರಿ ಕಾಗದ ತೆಲುಗಿನಲ್ಲೇ ಬರುತ್ತದೆ; ಮೊಮ್ಮಗಳು ಓದಿದಳು. "ಆಯಿ, ಮೂರು ದಿನದಾಗ ತಿಪ್ಪಿ ತೆಗಿಬೇಕಂತ. ಇಲ್ಲಾಂದ್ರ ಅವ್ರೇ ಒಯ್ತಾರಂತ."

ಅದೇ ವಾರ ಬಾಗಿಲಿಗೆ ಇನ್ನೊಂದು ಕಾಗದ ಅಂಟಿಸಿ ಹೋಗಿದ್ದರು. ಪ್ರತಿ ಮನೆಯವರೂ ಹಸಿ ಕಸದಿಂದ ಮನೆಯಲ್ಲೇ ಗೊಬ್ಬರ ಮಾಡಬೇಕಂತೆ. ಎರಡನ್ನೂ ಸೆರಗಿಗೆ ಕಟ್ಟಿಕೊಂಡು ಆಫೀಸಿಗೆ ಹೋದೆ. ಅಲ್ಲಿಯ ಸಾಹೇಬ ನಾರಾಯಣಖೇಡದ ಕಡೆಯವನು, ನಮ್ಮ ಕನ್ನಡವೇ ಆಡುತ್ತಾನೆ.

"ಸಾಹೇಬ್ರ, ಒಂದು ಕಾಗದ ಗೊಬ್ಬರ ಮಾಡು ಅಂತದ, ಇನ್ನೊಂದು ಮಾಡಬ್ಯಾಡ ಅಂತದ. ಯಾವುದರ ಮಾತು ಕೇಳ್ಲಿ?"

"ಅದು ಬ್ಯಾರೆ ಕಾನೂನು, ಇದು ಬ್ಯಾರೆ ಕಾನೂನು, ಯವ್ವಾ. ಡ್ರಮ್ಮಿನಾಗ ಮಾಡಿದ್ರ ಗೊಬ್ಬರ, ನೆಲದ ಮ್ಯಾಲ ಮಾಡಿದ್ರ ಹೊಲಸು."

"ನಮ್ಮ ಎಮ್ಮಿಗಿ ಡ್ರಮ್ಮಿನಾಗ ಕೂಡು ಅಂತ ನೀವೇ ಬಂದು ಹೇಳ್ರಿ."

ಪಕ್ಕದ ಮೇಜಿನವರು ನಕ್ಕರು. ಅವನು ನಗಲಿಲ್ಲ. ತಮ್ಮನ ಬಂಡಿ ಬರುವ ತನಕ ಬಿಡ್ರಿ ಅಂದೆ, ನೋಡೋಣ ಅಂದ. ನೋಡೋಣ ಅಂದರೆ ಇಲ್ಲ ಎಂದೇ ನಾನು ತಿಳಿದೆ.

ದೀಪಾವಳಿಗೆ ನಾವು ಸಗಣಿಯ ಲಕ್ಕವ್ವನನ್ನು ಮಾಡಿ ತಿಪ್ಪೆಯ ಮೇಲೂ ಕೂರಿಸುತ್ತೇವೆ. ಆ ಸಲ ದೀಪಾವಳಿಯನ್ನು ಬೇಸಿಗೆಗೇ ಕರೆತಂದೆ. ತಿಪ್ಪೆಯ ಮೇಲೆ ಲಕ್ಕವ್ವನನ್ನು ಕೂರಿಸಿ ಅರಿಶಿನ, ಕುಂಕುಮ, ಚೆಂಡುಹೂ ಏರಿಸಿದೆ.

"ಅತ್ತಿ, ದೇವರ ಕೈಲೂ ಸುಳ್ಳು ಹೇಳಸ್ತೀರೇನ್ರಿ?" ಅಂದಳು ಧಾರೂರಿನಿಂದ ಬಂದ ನನ್ನ ಸೊಸೆ.

"ಸುಳ್ಳೆಲ್ಲಿ ಬಂತು? ಲಕ್ಷ್ಮಿ ಅಲ್ಲೇನು ಅಕಿ?"

ಮುನ್ಸಿಪಾಲಿಟಿಯ ಟ್ರ್ಯಾಕ್ಟರಿನವನು ಬಂದ. ನೋಡಿದ. ಚಪ್ಪಲಿ ಬಿಟ್ಟು ಕೈಮುಗಿದು ಹಿಂದಕ್ಕೆ ಹೋದ. ನಾನು ಒಳಗೆ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಆದರೆ ದಾರಿಹೋಕರೂ ಕೈಮುಗಿಯತೊಡಗಿದರು. ಯಾರೋ ಕಾಯಿ ಒಡೆದರು. ಇನ್ಯಾರೋ ಸುತ್ತ ನಾಲ್ಕು ಕಲ್ಲಿಟ್ಟು ಸುಣ್ಣ ಬಳಿದರು. ಐದನೇ ದಿನ ಮೂರನೇ ಕಾಗದ ಬಂತು: ಅನುಮತಿಯಿಲ್ಲದೆ ರಸ್ತೆಯಲ್ಲಿ ಪೂಜಾಸ್ಥಳ ಕಟ್ಟಿದ್ದೀರಿ.

ಮತ್ತೆ ಓಡಿದೆ. ಸಾಹೇಬ ತಲೆ ಹಿಡಿದುಕೊಂಡು ಕೂತಿದ್ದ.

"ಏನ್ ಮಾಡೀದಿ ಯವ್ವಾ? ಹೊಲಸಿನ ಕಾನೂನು ನನ್ನ ಕೈಯಾಗಿತ್ತು. ಟ್ರ್ಯಾಕ್ಟರ್ ಬರೇ ತೋರಿಕಿಗಿ ಕಳಿಸಿದ್ದೆ, ನಿನ್ನ ಬಂಡಿ ಬರೋತನಕ ಕಣ್ಣು ಮುಚ್ಕೊಂಡು ಕೂಡ್ತಿದ್ದೆ. ಗುಡಿದು ಮ್ಯಾಲಿನವರ ಕೈಯಾಗದ."

"ಅದನ್ನ ಮದಲೇ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು ನಿಮಗ?"

"ಅಂಥದ್ದೆಲ್ಲ ಬಾಯಿ ಬಿಟ್ಟು ಹೇಳಾಕ ಬರ್ತದೇನು?"

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ಲಕ್ಕವ್ವನನ್ನು ಮರ್ಯಾದೆಯಿಂದ ಇಳಿಸಿ ನನ್ನ ಕೈಗಿಟ್ಟರು, ಗೊಬ್ಬರ ಹೇರಿಕೊಂಡು ಹೋದರು. ಯಾರನ್ನು ಬಯ್ಯಲಿ? ಮೂರು ಕಾಗದಗಳಲ್ಲಿ ಕೊನೆಯದನ್ನು ಕರೆಸಿಕೊಂಡವಳು ನಾನೇ. ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಮಳೆ ಬಿದ್ದ ಮೇಲೆ ಮುನ್ಸಿಪಾಲಿಟಿಯ ನರ್ಸರಿಯಲ್ಲಿ ಸಸಿ ಹಂಚುತ್ತಾರೆಂದು ಕೇಳಿ ಹೋದೆ. ಮೂಲೆಯಲ್ಲಿ ಕಪ್ಪನೆಯ ಗೊಬ್ಬರದ ರಾಶಿ. ಅದರಲ್ಲಿ ಮೊಮ್ಮಗಳು ತಲೆ ಬಾಚುವಾಗ ಮುರಿದು ತಿಪ್ಪೆಗೆಸೆದಿದ್ದ ಗುಲಾಬಿ ಹಣಿಗೆ ಕಂಡಿತು.

"ಈ ಗೊಬ್ಬರ ನಂದವ್ವಾ. ಒಂದು ಪುಟ್ಟಿ ಕೊಡು," ಅಂದೆ ಅಲ್ಲಿದ್ದ ಹೆಂಗಸಿಗೆ.

"ಗೊಬ್ಬರ ಕೊಡೋ ಕಾನೂನಿಲ್ಲ ಆಯಿ. ಮನಿಗೊಂದು ಸಸಿ ಕೊಡಬೇಕಂತ ಅದ."

ಅದೇ ಕಪ್ಪು ಗೊಬ್ಬರ ತುಂಬಿದ ಚೀಲದಲ್ಲಿ ಒಂದು ದಾಸವಾಳದ ಸಸಿ ಕೊಟ್ಟಳು. ಮನೆಗೆ ಒಯ್ಯಲಿಲ್ಲ, ನೇರ ಹೊಲಕ್ಕೆ ನಡೆದೆ. ಬದುವಿನ ಮೇಲೆ ಕೂತು ಚೀಲ ಹರಿದೆ. ಬೇರಿಗೆ ಬೇಕಾದಷ್ಟು ಬಿಟ್ಟು ಉಳಿದದ್ದನ್ನು ಉದುರಿಸಿಕೊಂಡೆ. ಎರಡು ಹಿಡಿ ಆಯಿತು. ತೊಗರಿಯ ಮೊದಲ ಸಾಲಿಗೆ ಹಾಕಿದೆ. ನಾಲ್ಕು ಗಿಡಕ್ಕೆ ಸಾಲುವಷ್ಟರಲ್ಲಿ ಮುಗಿಯಿತು.