ಗರಿಯ ಸೋಫಾ ಬೇಡವೆಂದ ದಿನ

ಆಗ ನನಗೆ ಅರವತ್ತೆಂಟು. ಅದಾಗಿ ಆರು ವರ್ಷವಾಯಿತು. ಚನ್ನಗಿರಿಯ ಒಂದು ಸೋಫಾ ಅಂಗಡಿಯಲ್ಲಿ, ನಾಲ್ಕು ಜನರ ಎದುರಿಗೆ, ಕೊರಳಲ್ಲಿದ್ದ ಲಿಂಗದ ಕರಡಿಗೆ ಮುಟ್ಟಿಕೊಂಡು ನಾನು ಸುಳ್ಳು ಹೇಳಿದೆ. ಆ ಸುಳ್ಳಿನಿಂದ ಒಬ್ಬ ಮನುಷ್ಯನಿಗೆ ನಮ್ಮ ಮನೆಯಲ್ಲಿ ಕೂರುವ ಜಾಗ ತಪ್ಪಿತು. ಆ ಮನುಷ್ಯ ನನ್ನ ಸೊಸೆಯ ತಂದೆ.

ಬರವಣಿಗೆ ನನಗೆ ಬಾರದು. ಮೂರನೇ ಕ್ಲಾಸಿಗೇ ಶಾಲೆ ಬಿಡಿಸಿದ್ದರು. ಎರಡು ಸಾಲು ಬರೆಯುವಷ್ಟರಲ್ಲಿ ಬೆರಳು ಸೆಟೆದುಕೊಳ್ಳುತ್ತವೆ. ಬೇರೆಯವರ ಕೈಲಿ ಬರೆಸಬಹುದಿತ್ತು — ಬರೆಸಿದರೆ ಬಾಯಿ ನಡುವೆ ಜಾಣತನ ಮಾಡುತ್ತದೆ, ಅದಕ್ಕೆ ನಾನೇ ಕೂತಿದ್ದೇನೆ. ಒತ್ತಕ್ಷರ ತಪ್ಪಿದ್ದರೆ ಮೊಮ್ಮಗಳು ತಿದ್ದಲಿ. ತಿದ್ದುವಾಗ ಓದಲಿ. ಅಜ್ಜಿ ಎಂಥವಳೆಂದು ಅವಳಿಗೂ ತಿಳಿಯಲಿ.

ನಮ್ಮದು ಹೊನ್ನಾಳಿ. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಮಗ ಮಂಜುನಾಥ, ಸೊಸೆ ಸವಿತಾ, ಅವರ ಮಗಳು. ಮಗನದು ಮೋಟಾರು ರಿಪೇರಿ ಅಂಗಡಿ. ಸವಿತಾ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತಾಳೆ. ಅವಳ ತವರು ಜಗಳೂರು ಕಡೆಯ ಸೊಕ್ಕೆ. ಹೊಲಿಗೆ ಕಲಿಯಲು ಹೊನ್ನಾಳಿಯ ಚಿಕ್ಕಮ್ಮನ ಮನೆಗೆ ಬಂದಿದ್ದವಳನ್ನು ನನ್ನ ಮಗ ಮೆಚ್ಚಿ ಮದುವೆಯಾದ. ಅವರದು ಕುರಿ ಕೋಳಿ ಸಾಕುವ, ತಿನ್ನುವ ಮನೆ. ನಾವು ಲಿಂಗ ಕಟ್ಟಿದವರು. ಮದುವೆಯಾದ ದಿನದಿಂದ ಆ ಹುಡುಗಿ ಮೊಟ್ಟೆಯನ್ನೂ ಮುಟ್ಟಿಲ್ಲ. ಬಿಡು ಎಂದು ನಾನು ಹೇಳಿರಲಿಲ್ಲ. ಬಿಟ್ಟಳೆಂದು ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ.

ಅವಳ ತಂದೆ ಓಬಣ್ಣ. ಹೆಂಡತಿ ಇಲ್ಲದ ಮನುಷ್ಯ, ಇದ್ದ ಒಬ್ಬಳೇ ಮಗಳು ಇವಳು. ವರ್ಷಕ್ಕೆ ಒಂದೆರಡು ಸಲ ಚೀಲದ ತುಂಬ ಶೇಂಗಾ ಹೊತ್ತುಕೊಂಡು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ನಮ್ಮ ಪಡಸಾಲೆಯಲ್ಲಿ ಯಜಮಾನರ ಮರದ ಕುರ್ಚಿ ಒಂದು — ಅದರಲ್ಲಿ ಯಾರೂ ಕೂರುವುದಿಲ್ಲ. ಇನ್ನು ಎರಡು ಪ್ಲಾಸ್ಟಿಕ್ ಕುರ್ಚಿ. ಓಬಣ್ಣ ಬರುತ್ತಾರೆಂದು ಗೊತ್ತಾದರೆ ನಾನು ಆ ಎರಡು ಕುರ್ಚಿಗಳ ಮೇಲೆ ಒಗೆದ ಬಟ್ಟೆಯ ರಾಶಿ ಹಾಕುತ್ತಿದ್ದೆ. ಮಡಿಸಲು ಇಟ್ಟ ಹಾಗೆ. ಅವರು ಬಂದು, ಒಳಗೆ ಒಮ್ಮೆ ನೋಡಿ, ಹೊರಗಿನ ಕಟ್ಟೆಯ ಮೇಲೇ ಕೂರುತ್ತಿದ್ದರು. "ಇಲ್ಲೇ ಗಾಳಿ ಚೆನ್ನಾಗೈತೆ ಬಿಡ್ರಿ ಅಕ್ಕಾರೆ" ಎನ್ನುತ್ತಿದ್ದರು. ನಾನು ಅಲ್ಲಿಗೇ ಕಾಫಿ ಕಳಿಸುತ್ತಿದ್ದೆ.

ಒಳಗೆ ಬರಬೇಡಿ ಎಂದು ನಾನು ಯಾವತ್ತೂ ಅನ್ನಲಿಲ್ಲ. ಅಂದಿದ್ದರೆ ಮಗ ಜಗಳ ತೆಗೆಯುತ್ತಿದ್ದ. ಬಟ್ಟೆ ರಾಶಿಯ ಜೊತೆ ಯಾರು ಜಗಳ ತೆಗೆಯುತ್ತಾರೆ?

ಆ ವರ್ಷ ಓಬಣ್ಣ ಮೇವಿನ ಬಣವೆಯಿಂದ ಜಾರಿ ಬಿದ್ದರು. ಕಾಲಿಗೆ ರಾಡು ಹಾಕಿದರು. ಕಾಲು ಮಡಚುವಂತಿಲ್ಲ, ನೆಲದಲ್ಲಿ ಕೂರುವಂತಿಲ್ಲ. ಎರಡು ತಿಂಗಳು ಅಪ್ಪನನ್ನು ಇಲ್ಲಿಗೇ ಕರೆಸಿ ಇಟ್ಟುಕೊಳ್ಳುತ್ತೇನೆ ಎಂದಳು ಸವಿತಾ. ಕೇಳಲಿಲ್ಲ, ಹೇಳಿದಳು. ಮಗ ಹ್ಞೂ ಅಂದ. ಪಡಸಾಲೆಗೆ ಒಂದು ಸೋಫಾ ತರುವುದು, ಅಪ್ಪ ಹಗಲೆಲ್ಲ ಅದರ ಮೇಲೆ ಕಾಲು ಚಾಚಿಕೊಂಡಿರಲಿ ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ನನಗೆ ಆಗಲೇ ಅರ್ಥವಾಯಿತು — ಮೂರು ಜನ ಕೂರುವ ಸೋಫಾದ ಮೇಲೆ ಹಾಕುವಷ್ಟು ಬಟ್ಟೆ ನಮ್ಮ ಮನೆಯಲ್ಲಿಲ್ಲ. ಅದು ಅವಳಿಗೂ ಅರ್ಥವಾಗಿತ್ತು.

ಇಲ್ಲಿ ದಿಂಬಿನ ವಿಷಯ ಹೇಳಬೇಕು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಮಗನ ಮದುವೆಗಿಂತ ಎಷ್ಟೋ ಮೊದಲು ನಮ್ಮ ಪಕ್ಕದ ಬಾಡಿಗೆ ಮನೆಯಲ್ಲಿ ಒಬ್ಬ ಅಧಿಕಾರಿಯ ಸಂಸಾರವಿತ್ತು. ವರ್ಗವಾಗಿ ಹೋಗುವಾಗ ಅಧಿಕಾರಿಯ ಹೆಂಡತಿ ಬೇಡದ ಸಾಮಾನೆಲ್ಲ ಹಂಚುತ್ತಾ ನನಗೊಂದು ದಿಂಬು ಹಿಡಿದು ಬಂದಳು. ನನ್ನ ಕತ್ತು ನೋವು ಅವಳಿಗೆ ಗೊತ್ತಿತ್ತು. "ಇದರೊಳಗೆ ಇರೋದು ಬಾತುಕೋಳಿ ಗರಿ, ನಿಮ್ಮಲ್ಲಿ ನಡೆಯುತ್ತೋ ಇಲ್ಲವೋ" ಎಂದು ಬಾಯಿ ಬಿಟ್ಟು ಹೇಳಿಯೇ ಕೊಟ್ಟಳು. ಮೋಸ ಅವಳದಲ್ಲ. ನಾನು ತೆಗೆದುಕೊಂಡೆ. ಮನೆಯಲ್ಲಿ ಬೂರುಗದ ಹತ್ತಿ ಎಂದೆ. ಅಂದು ಮಲಗಿದವಳು ಆ ದಿಂಬು ಬಿಟ್ಟು ಬೇರೆಯದರ ಮೇಲೆ ತಲೆ ಇಟ್ಟಿಲ್ಲ. ಕೊರಳಿನ ಕರಡಿಗೆ ರಾತ್ರಿಯೆಲ್ಲ ಆ ಗರಿಯ ಮೇಲೇ ಒರಗಿರುತ್ತಿತ್ತು. ಬೆಳಿಗ್ಗೆ ಎದ್ದು ಸ್ನಾನ, ಪೂಜೆ. ಒಂದು ದಿನವೂ ತಪ್ಪಿಸಲಿಲ್ಲ.

ಇಂಥವಳು ಚನ್ನಗಿರಿಗೆ ಹೋದೆ.

ಅಲ್ಲಿನ ಅಂಗಡಿಯಲ್ಲಿ ಒಂದು ಒಳ್ಳೆಯ ಸೋಫಾ ಇದೆ ಎಂದು ಮಗನಿಗೆ ಯಾರೋ ಹೇಳಿದ್ದರು. ಬಸವಾಪಟ್ಟಣ ಕಡೆಯ ಅಡಿಕೆ ವ್ಯಾಪಾರದವರು ಬೇಕೆಂದು ತರಿಸಿ, ಬಣ್ಣ ಒಪ್ಪಿಗೆಯಾಗದೆ ಬಿಟ್ಟದ್ದು. ಮರುದಿನ ಬೆಳಿಗ್ಗೆ ಓಬಣ್ಣ ಬರುವವರಿದ್ದರು. ಅಷ್ಟರೊಳಗೆ ಸೋಫಾ ಮನೆಯಲ್ಲಿರಬೇಕು. "ಅತ್ತೆ, ನೀವೂ ಬರ್ರಿ, ನೀವು ನೋಡಿದ ಮೇಲೇ ತರೋದು" ಎಂದು ಸವಿತಾ ನನ್ನನ್ನು ಹೊರಡಿಸಿದಳು. ಹಿರಿಯಳ ಮಾತು ಉಳಿಸಬೇಕೆಂದು ಕರೆದಳು. ನಾನು ಆ ಮಾತನ್ನೇ ಬಳಸಿಕೊಂಡೆ.

ಕಂದು ಬಣ್ಣದ ದೊಡ್ಡ ಸೋಫಾ. ಕೂತೆ. ಕೂತರೆ — ಸುಳ್ಳು ಯಾಕೆ ಹೇಳಲಿ — ಸೊಂಟ ತಾನಾಗಿ ಒಳಗೆ ಇಳಿಯಿತು. ವರ್ಷಗಳ ನೋವು ಒಂದು ಗಳಿಗೆ ಎಲ್ಲಿ ಹೋಯಿತೋ. ಏಳಲು ಮನಸ್ಸಾಗಲಿಲ್ಲ. ಅಂಗಡಿಯವನು ನಗುತ್ತಾ ಬಂದ.

"ಏನಜ್ಜಿ, ಎಬ್ಸಾಕೆ ಜೆಸಿಬಿ ತರ್ಸಾಣೇನು?"

"ನಿಮ್ಮಪ್ಪನ್ನ ಕರೆಸು, ಅವನೇ ಎಬ್ಬಿಸ್ತಾನೆ" ಎಂದೆ. ಎಲ್ಲರೂ ನಕ್ಕರು. ಸವಿತಾನೂ ನಕ್ಕಳು. ಅವಳು ನನ್ನ ಪಕ್ಕದಲ್ಲೇ ಕೂತು ಒಂದು ಕಾಲು ಚಾಚಿ ನೋಡಿದಳು. ಅಪ್ಪನ ಕಾಲನ್ನು ಅಳತೆ ಹಾಕುತ್ತಿದ್ದಳು.

"ಮೆತ್ತಗೈತೆ ಅಲ್ವೇನ್ರಿ ಅತ್ತೆ? ರಾಡು ಒತ್ತಲ್ಲ ಅಪ್ಪಂಗೆ. ನೀವು ಹ್ಞೂ ಅಂದ್ರೆ ಈಗ್ಲೇ ಗಾಡಿಗೆ ಹಾಕ್ಸಾಣ."

ಅಂಗಡಿಯವನು ಸುಮ್ಮನಿರಬಾರದೆ? ದಿಂಡು ತಟ್ಟಿ ಹೇಳಿದ. "ಇದು ಸ್ಪಂಜಲ್ಲ ಅಜ್ಜಿ. ಒಳಗಿರೋದು ಬಾತುಕೋಳಿ ಮೆತ್ತನೆ ಗರಿ. ಅದಕ್ಕೇ ಹಿಂಗೆ."

ಅವನು ಹಾಗೆಂದ ಕೂಡಲೇ ನನಗೆ ಸಿಕ್ಕಿತು. ಹುಡುಕುತ್ತಿದ್ದ ನೆಪ ಸಿಕ್ಕಿತು. ಬೆಂಕಿ ತಾಗಿದವಳ ಹಾಗೆ ಎದ್ದು ನಿಂತೆ — ಅಷ್ಟು ಬೇಗ ಏಳುವ ಶಕ್ತಿ ಸೊಂಟಕ್ಕೆ ಎಲ್ಲಿಂದ ಬಂತೋ. ಸೆರಗು ಸರಿಸಿ ಕರಡಿಗೆ ಹಿಡಿದುಕೊಂಡೆ. ಪಕ್ಕದಲ್ಲಿ ಮಂಚ ನೋಡುತ್ತಿದ್ದ ಗಂಡ ಹೆಂಡತಿ ಇತ್ತ ತಿರುಗಿದರು. ಅವರು ತಿರುಗಲಿ ಎಂದೇ ದನಿ ಎತ್ತಿದೆ.

"ಕೋಳಿ ಪುಕ್ಕದಾಗೆ ಹೊರಳಾಡಿ ನಿಮ್ಮಪ್ಪಂಗೆ ರೂಢಿ ಇರಬೋದು ಕಣವ್ವ. ಇದರಾಣೆ ಹೇಳ್ತೀನಿ, ಸತ್ತ ಹಕ್ಕಿ ಗರಿ ನಾನು ಮುಟ್ಟಿದೋಳಲ್ಲ, ನನ್ನ ಮನಿ ಹೊಸಲು ದಾಟಾಕೆ ಬಿಡೋಳೂ ಅಲ್ಲ."

ಮಂಚ ನೋಡುತ್ತಿದ್ದ ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದಳು. ಮಗ "ಅವ್ವಾ, ಸಾಕು" ಎಂದ. ಸವಿತಾ ಚಾಚಿದ್ದ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಮೆಲ್ಲಗೆ ಎದ್ದಳು. ತಾನು ಕೂತಿದ್ದ ಜಾಗವನ್ನು ಕೈಯಿಂದ ಒರೆಸಿದಳು — ಮೈಲಿಗೆ ಮಾಡಿದವರು ಒರೆಸುವ ಹಾಗೆ.

ಅಂಗಡಿಯವನು ಪಾಪ, ವ್ಯಾಪಾರ ಉಳಿಸಿಕೊಳ್ಳಲು, "ಹಂಗಾರೆ ಅಲ್ಲಿ ಸ್ಪಂಜಿಂದು ಐತೆ, ಅದನ್ನ ತಗಳ್ರಿ" ಎಂದ. ನೋಡಿ, ನನ್ನ ಅಡ್ಡಿ ಗರಿಯದೇ ಆಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ನಾನು ಆ ಸ್ಪಂಜಿನ ಸೋಫಾವನ್ನು ಕಣ್ಣೆತ್ತಿ ನೋಡದೆ, "ಬಣ್ಣ ಚೆನ್ನಾಗಿಲ್ಲ" ಎಂದೆ.

ವಾಪಸ್ಸು ಬರುವಾಗ ಕೆರೆಬಿಳಚಿ ದಾಟಿದ ಮೇಲೆ ಮಗ, "ನಾಳೆ ಮಾವನಿಗೆ ಏನಂತ ಹೇಳೋದು?" ಎಂದ. ಸವಿತಾ, "ಕುರ್ಚಿ ಅದಾವಲ್ರಿ" ಎಂದಳು. ಅಷ್ಟೇ.

ಸಂಜೆ ದೀಪ ಹಚ್ಚಿ ಅಡುಗೆಮನೆಗೆ ಬಂದೆ. ಮಧ್ಯಾಹ್ನ ಬಂದವಳೇ ಸ್ವಲ್ಪ ಹೊತ್ತು ಅಡ್ಡಾಗಿದ್ದೆ. ಸವಿತಾ ರೊಟ್ಟಿ ತಟ್ಟುತ್ತಿದ್ದವಳು ನನ್ನ ತಲೆಯತ್ತ ನೋಡಿದಳು. ಕೈ ಒರೆಸಿಕೊಂಡು ಬಂದು, ನನ್ನ ತುರುಬಿನಿಂದ ಏನನ್ನೋ ಬಿಡಿಸಿ ನನ್ನ ಅಂಗೈಯಲ್ಲಿಟ್ಟಳು. ಬೆಳ್ಳನೆಯ ಒಂದು ಚೂರು ಗರಿ. ಉಸಿರು ಬಿಟ್ಟರೆ ಹಾರಿ ಹೋಗುವಂಥದ್ದು.

"ಅಂಚಿನಾಗೆ ಮತ್ತೆ ಬಿಚ್ಚೈತೆ ಅನ್ನಿಸ್ತೈತೆ ಅತ್ತೆ. ನಾಳೆ ಹೊಲಿಗೆ ಹಾಕ್ಕೊಡ್ತೀನಿ" ಎಂದು ಒಲೆಯ ಕಡೆ ತಿರುಗಿದಳು.

ಮತ್ತೆ, ಅಂದಳು.

ಕೋಣೆಗೆ ಹೋಗಿ ಕವರು ತೆಗೆದು ದಿಂಬು ನೋಡಿದೆ. ನನ್ನ ಹೊಲಿಗೆ ದೊಡ್ಡದು, ವಕ್ರ. ಅದರ ಪಕ್ಕದಲ್ಲಿ ಸಣ್ಣ ಸಣ್ಣ ಹೊಲಿಗೆ ಮೂರು ಕಡೆ ಇತ್ತು, ಹಳೆಯ ದಾರದ್ದು. ಹಾಸಿಗೆ ಕೊಡವುವವಳು ಅವಳು, ಕವರು ಒಗೆಯುವವಳು ಅವಳು. ಯಾವ ಕಾಲದಿಂದ ಗೊತ್ತಿತ್ತೋ. ಗರಿ ಹೊರಗೆ ಬಂದಾಗಲೆಲ್ಲ ಒಳಗೆ ತುರುಕಿ ಹೊಲಿದು, ಅತ್ತೆಯ ಮಾನ ಮುಚ್ಚಿ ಇಟ್ಟಿದ್ದಳು. ಅಂಗಡಿಯಲ್ಲಿ ನಾನು ಲಿಂಗ ಹಿಡಿದು ಆಣೆ ಇಟ್ಟಾಗ ಒಂದೇ ಒಂದು ಮಾತು ಆಡಿದ್ದರೆ — ನಾನು ಅಲ್ಲೇ ನೆಲಕ್ಕಿಳಿಯುತ್ತಿದ್ದೆ. ಆಡಲಿಲ್ಲ. ಕೂತ ಜಾಗ ಒರೆಸಿ ಬಂದಳು.

ಓಬಣ್ಣ ನಮ್ಮ ಮನೆಯಲ್ಲಿ ಉಳಿಯಲಿಲ್ಲ. ಸೊಕ್ಕೆಯಲ್ಲಿ ಒಬ್ಬರೇ ಇದ್ದು, ಆ ಕಾಲಿನಲ್ಲೇ ನಿಂತು ಬೇಯಿಸಿಕೊಂಡು, ಕುರಿಗೆ ನೀರು ಹೊತ್ತರು. ಮೂಳೆ ಸೊಟ್ಟಗೇ ಕೂಡಿಕೊಂಡಿತು. ಈಗಲೂ ಕೋಲು ಹಿಡಿದೇ ನಡೆಯುತ್ತಾರಂತೆ. ಸವಿತಾ ಹೋಗಿ ನೋಡಿಕೊಂಡು ಬರುತ್ತಾಳೆ, ಅವರು ಆಮೇಲೆ ಈ ಕಡೆ ಕಾಲಿಟ್ಟಿಲ್ಲ. ಎರಡು ವರ್ಷದ ನಂತರ ಅವಳೇ ನ್ಯಾಮತಿಯಿಂದ ಒಂದು ಸ್ಪಂಜಿನ ಸೋಫಾ ತಂದಳು. ನನ್ನನ್ನು ಕೇಳಲಿಲ್ಲ. ಅದರ ಮೇಲೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುವವಳು ನಾನೇ. ಸೊಕ್ಕೆಯಿಂದ ಫೋನು ಬಂದರೆ ಅವರ ದನಿ ನನ್ನ ಕಿವಿಗೂ ಬೀಳುತ್ತದೆ — "ಅಕ್ಕಾರ ಸೊಂಟ ಈಗ ಹೆಂಗೈತವ್ವ?" ನಾನು ಎದ್ದು ಹಿತ್ತಲಿಗೆ ಹೋಗುತ್ತೇನೆ.

ಗರಿಯದು ಸುಳ್ಳು ಎಂದು ಇಲ್ಲಿ ಬರೆದು ಒಪ್ಪಿಕೊಂಡೆ. ಅದು ಸುಲಭದ್ದು. ಸೋಫಾ ಇಲ್ಲದಿದ್ದರೇನು, ಕುರ್ಚಿ ಇತ್ತಲ್ಲ, ಬಂದ ಮನುಷ್ಯ ಯಾಕೆ ಉಳಿಯಲಿಲ್ಲ ಎಂದು ನೀವು ಕೇಳಬಹುದು. ಮಗ ಕೇಳಿದ್ದ. ಅವರಿಗೇ ಮನಸ್ಸಿರಲಿಲ್ಲ ಅಂದಿದ್ದೆ. ಅದೂ ಸುಳ್ಳು. ಇಷ್ಟು ಹೊತ್ತು ಬರೆದದ್ದು ಇದೊಂದನ್ನು ಬರೆಯುವುದಕ್ಕೆ —

ಮರುದಿನ ಬೆಳಿಗ್ಗೆ ಸವಿತಾ ಪಡಸಾಲೆ ಒರೆಸಿ, ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೌದಿ ನಾಲ್ಕು ಮಡಿಕೆ ಮಾಡಿ ಹಾಸಿ, ಕಾಲು ಚಾಚಲು ಎದುರಿಗೆ ಇನ್ನೊಂದು ಕುರ್ಚಿ ಇಟ್ಟು, ಹಾಲು ತರಲು ಹೋದಳು. ಮಗ ಸ್ನಾನಕ್ಕೆ ಹೋಗಿದ್ದ. ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ಬೀದಿಯ ತುದಿಯಲ್ಲಿ ಆಟೋ ನಿಂತಿತು. ಮೊದಲು ಕೋಲು ಇಳಿಯಿತು, ಆಮೇಲೆ ಶೇಂಗಾದ ಚೀಲ, ಆಮೇಲೆ ಅವರು. ನಾನು ಒಳಗೆ ಬಂದೆ. ಗರಿಯ ವಿಷಯ ಸವಿತಾಗೆ ಗೊತ್ತು ಎಂದು ನನಗೆ ಗೊತ್ತಿತ್ತು. ಆದರೂ ಕೌದಿ ತೆಗೆದು ಮೂಲೆಗೆ ಎಸೆದೆ. ಆ ದಿನ ಒಗೆದ ಬಟ್ಟೆ ಒಂದೂ ಇರಲಿಲ್ಲ. ಟ್ರಂಕು ತೆಗೆದು, ಮಡಿಸಿಟ್ಟಿದ್ದ ಸೀರೆಗಳನ್ನು ಎಳೆದು, ಮಡಿಕೆ ಬಿಚ್ಚಿ ಎರಡೂ ಕುರ್ಚಿಗಳ ಮೇಲೆ ಸುರಿದೆ. ಒಂದರಲ್ಲಿ ಇನ್ನೂ ಕೂರಲು ಜಾಗ ಕಾಣುತ್ತಿತ್ತು. ಕೋಣೆಗೆ ಹೋಗಿ ನನ್ನ ದಿಂಬು ತಂದು ಅಲ್ಲಿಟ್ಟೆ. ಆಮೇಲೆ ಸೆರಗು ಸರಿಮಾಡಿಕೊಂಡು, ಬಾಗಿಲಿಗೆ ಬಂದು, "ಬರ್ರಿ ಬೀಗರೇ, ಕುಂತ್ಕಳ್ರಿ" ಎಂದು ಕಟ್ಟೆ ತೋರಿಸಿದೆ.